ಕೈ ತೆಗೆದು ನೋಡಿದವರು

"ಕೈ ತಗೀ ಮಾಲಿನಿ. ಈಗ ನೋಡು."

ಮಾಲಿನಿ ಸರ್ಕ್ಯೂಟ್ ಬೋರ್ಡಿನ ಮೇಲಿಂದ ಹೆಬ್ಬೆರಳು ಎತ್ತಿದಳು. ಪರದೆಯ ಮೇಲಿನ ಗೆರೆ ಕುಸಿಯಿತು. ಬೆರಳಿಟ್ಟಳು, ಎದ್ದಿತು, ತೆಗೆದಳು, ಮತ್ತೆ ಕುಸಿಯಿತು. ಆ ಬೆಳಿಗ್ಗೆ ನೂರಿಪ್ಪತ್ತು ಬೋರ್ಡುಗಳನ್ನು ಹೀಗೇ ಅದುಮಿ ಹಿಡಿದು 'ಸರಿ' ಎಂದು ಬರೆದಿದ್ದಳು. ಎಳೆಗೂಸುಗಳನ್ನು ಬೆಚ್ಚಗಿಡುವ ಆಸ್ಪತ್ರೆಯ ಪೆಟ್ಟಿಗೆಗಳಿಗೆ ಹೋಗುವ ಬೋರ್ಡುಗಳು.

"ಮುಟ್ಟಿದ್ರೆ ಬೆಸುಗೆ ಬಿರುಕು ಕೂಡ್ಕೊಂಬುಡ್ತದೆ, ಸುಳ್ಳೇಳ್ತದೆ," ಎಂದರು ಚಿಕ್ಕಮಾರಯ್ಯನವರು. "ನಮ್ಮನೆಯೋಳು ಓಬಳಮ್ಮ ಇದಾಳಲ್ಲ, ಹಂಗೆ. ಪಕ್ಕದಲ್ಲಿ ಕೂತು ಕೇಳು, ಮಂಡಿನೋವೇ ಇಲ್ಲ ಅಂತಾಳೆ. ಮೆಟ್ಟಿಲು ಹತ್ತೋದ್ನ ದೂರ ನಿಂತು ನೋಡ್ಬೇಕು."

ವಸಂತನರಸಾಪುರದ ಕಾರ್ಖಾನೆಗಳಲ್ಲಿ ಎಲೆಕ್ಟ್ರಾನಿಕ್ ಸಾಧನಗಳನ್ನು ಮುಟ್ಟದೆ ಪರೀಕ್ಷಿಸಬಲ್ಲವರನ್ನು ಎಣಿಸುವಾಗ ಮೊದಲ ಬೆರಳು ಮಡಚುವುದು ಶ್ರೀ ಚಿಕ್ಕಮಾರಯ್ಯನವರ ಹೆಸರಿಗೆ. ಸಿ.ಎಸ್. ಪುರದಲ್ಲಿ ಹುಟ್ಟಿ, ಗುಬ್ಬಿಯಲ್ಲಿ ರೇಡಿಯೊ ರಿಪೇರಿ ಕಲಿತು, ಕುಣಿಗಲ್ಲಿನಲ್ಲಿ ಒಂಬತ್ತು ವರ್ಷ ಟಿ.ವಿ. ಅಂಗಡಿ ನಡೆಸಿದ ಅವರು ಕಾರ್ಖಾನೆಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಉಗುರಗಲದ ತಗಡೊಂದನ್ನು ಬೋರ್ಡಿನ ಚಿಪ್ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ಹಿಡಿದರೆ, ಕೆಳಗೆ ಕರೆಂಟು ಮಿಡಿಯುವುದನ್ನು ಅದು ಪರದೆಗೆ ಹೇಳುತ್ತದೆ. ಆ ವಿದ್ಯೆಯನ್ನು ಅವರು ಕಲಿತರು, ಕಲಿಸಿದರು. 'ಮುಟ್ಟಬೇಡ' ಎಂಬ ಮಾತನ್ನು ಊರಿನಲ್ಲಿ ಬೇರೆಯದೇ ಅರ್ಥದಲ್ಲಿ ಕೇಳಿ ಬೆಳೆದವರು ಅವರು; ಕಲಿಸುವಾಗ ಆ ಮಾತನ್ನು ಒಮ್ಮೆಯೂ ಆಡಲಿಲ್ಲ. 'ಕೈ ತಗೀ' ಎನ್ನುತ್ತಿದ್ದರು.

ಆ ದಿನ ನೂರಿಪ್ಪತ್ತನ್ನೂ ಅವಳೊಡನೆ ಕೂತು ಮತ್ತೆ ನೋಡಿದರು. ಏಳರಲ್ಲಿ ಬಿರುಕು. ವರದಿಯಲ್ಲಿ ತಪ್ಪಿನ ಮುಂದೆ ತಮ್ಮ ಹೆಸರು ಬರೆದರು.

"ಏನ್ರೀ, ಇಷ್ಟು ವರ್ಷ ಆದ್ಮೇಲೆ ನೀವೂ ಹೆಬ್ಬೆರಳು ಇಟ್ರಾ?" ಎಂದು ಮ್ಯಾನೇಜರ್ ಸೋಮಶೇಖರ್ ಕುಟುಕಿದರು.

"ಇಟ್ಟೆ ಸಾರ್."

ಆಮೇಲಿನ ಆರು ವರ್ಷ ಮಾಲಿನಿ ಅವರಿಗೆ ತೋರಿಸದೆ ಬೋರ್ಡುಗಳ ಒಂದು ಡಬ್ಬವನ್ನೂ ಮುಚ್ಚಲಿಲ್ಲ. ಅವರ ನಿವೃತ್ತಿಯ ದಿನ ಹತ್ತಿರವಾದಂತೆ ಅವಳಿಗೆ ಅನ್ನ ಸೇರದಾಯಿತು; ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ವಾಪಸು ಹೋದದ್ದೂ ಉಂಟು. ಚಿಕ್ಕಮಾರಯ್ಯನವರು ನೂರ್ಕಾಲ ಬಾಳಲಿ, ಕುಣಿಗಲ್ಲಿನ ಆ ಅಂಗಡಿಯ ಬಾಗಿಲು ಮತ್ತೆ ತೆರೆಯಲಿ, ಅವರ ಕಣ್ಣು ಹೀಗೇ ಚುರುಕಾಗಿರಲಿ ಎಂಬುದು ಅವರ ನಿವೃತ್ತಿಗೆಂದು ತಂದ ಈ ಅಭಿನಂದನಾ ಸಂಪುಟಕ್ಕೆ ಬರೆದ ಎಲ್ಲರ ಹಾರೈಕೆ. ಮಾಲಿನಿ ಹಾರೈಸಿದ್ದು ಇಷ್ಟೇ: ಅವರು ಹೋಗದಿರಲಿ.

ಕೊನೆಯ ದಿನ ಮೂರು ಗಂಟೆಗೆ ಕ್ಯಾಂಟೀನಿನಲ್ಲಿ ಹಾರ, ಶಾಲು ಸಿದ್ಧವಾಗಿದ್ದವು. ಇತ್ತ ಪರೀಕ್ಷಾ ಮೇಜಿನ ಮೇಲೆ, ಅದೇ ಪೆಟ್ಟಿಗೆಗಳ ಹೊಸ ಬೋರ್ಡೊಂದರಲ್ಲಿ, ಮುಟ್ಟದೆ ನೋಡಿದಾಗ ಗೆರೆ ನಡುಗಿತು. ಪರೀಕ್ಷಾ ಯಂತ್ರದ ಪಿನ್ನು ಒತ್ತಿದರೆ ನೆಟ್ಟಗೆ ನಿಲ್ಲುತ್ತಿತ್ತು.

"ಪಿನ್ನು ಸರಿ ಅಂತದಲ್ಲಮ್ಮ," ಎಂದರು ಸೋಮಶೇಖರ್. "ಲಾರಿ ಆವಾಗಿಂದ ನಿಂತಿದೆ. ತಡೀತೀನಿ ಅಂದ್ರೆ ಕೆಂಪು ಚೀಟಿ ಕೊಡು. ನಾಳೆ ಮೀಟಿಂಗಲ್ಲಿ ಸಹಿ ಹಾಕಿದವ್ರೇ ಉತ್ತರ ಹೇಳ್ಬೇಕು."

ಅವಳು ಚೀಟಿ ಬರೆದಳು. ಸಹಿಯ ಜಾಗ ಬಿಟ್ಟು ಕ್ಯಾಂಟೀನಿಗೆ ಓಡಿದಳು. ಹಾರ ಹಾಕಿಸಿಕೊಂಡು ಕೂತಿದ್ದ ಚಿಕ್ಕಮಾರಯ್ಯನವರ ಮುಂದೆ ಚೀಟಿ, ಪೆನ್ನು ಎರಡನ್ನೂ ಚಾಚಿದಳು.

"ಇದೊಂದು ನೀವೇ ಹಾಕ್ಬುಡಿ ಸಾರ್. ನಿಮ್ಮ ಹೆಸ್ರಿದ್ರೆ ಯಾರೂ ಏನೂ ಕೇಳಲ್ಲ."

ಅವರು ಚೀಟಿ ಓದಿದರು.

"ಗೆರೆ ನೀನೇ ನೋಡಿದ್ಯಾ?"

"ನೋಡ್ದೆ. ನಡುಗ್ತಿದೆ."

"ಅನುಮಾನ ಏನಾರ ಐತಾ?"

"ಇಲ್ಲ ಸಾರ್."

ಹೊರಗೆ ಲಾರಿ ಹಾರನ್ ಹೊಡೆಯಿತು. ಅವರು ಚೀಟಿಯನ್ನು ಅವಳ ಕಡೆಗೇ ಸರಿಸಿದರು.

"ನಾನ್ ಹಾಕಲ್ಲ ಕಣಮ್ಮ, ನೋಡ್ದೋಳು ನೀನು. ನನ್ ಕೈ ತಗ್ದಾಯ್ತು."