ಯಾಕೋಬನ ತಂದೆಯ ಸಮಾಧಿ

ಐರಿನ್ ಸ್ಮಶಾನದ ನಲ್ಲಿಯಡಿ ಬಕೆಟ್ ಇಟ್ಟು, ಚೀಲದಿಂದ ತೆಂಗಿನ ನಾರಿನ ಬ್ರಷ್ ತೆಗೆದಳು. ನವೆಂಬರ್ ಎರಡು, ಕ್ರೈಸ್ತರ ಸತ್ತವರ ದಿನ, ಹತ್ತಿರ ಬಂತೆಂದರೆ ಅಜ್ಜ-ಮುತ್ತಜ್ಜಂದಿರ ಸಮಾಧಿ ತಿಕ್ಕಿ ಸುಣ್ಣ ಬಳಿಯುವುದು ಉಡುಪಿಯ ಅವಳ ಮನೆಯ ವಾಡಿಕೆ. ನೆಕರ್ ನದಿಗೆ ಹತ್ತಿರದ ಈ ಜರ್ಮನ್ ಹಳ್ಳಿಯಲ್ಲಿ ಅವಳು ತಿಕ್ಕಬೇಕಾಗಿದ್ದುದು ಬೇರೆಯವರ ಹಿರಿಯನ ಕಲ್ಲನ್ನು. ಅದು ಮಾತ್ರ ಎಲ್ಲೂ ಕಾಣಲಿಲ್ಲ.

ಗಂಡ ಕೆವಿನ್, ಹೊರದೇಶದ ಕಂಪ್ಯೂಟರ್ ತಜ್ಞರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ, ದೂರದ ಉಂಟರ್‌ಫ್ಯೋರಿಂಗ್ ಊರಿನ ಸಾಫ್ಟ್‌ವೇರ್ ಕಂಪನಿ ಸೇರಿದ್ದ. ಆ ಕಾರ್ಡಿನ ನಿಯಮದಂತೆ ಹೆಂಡತಿ ಒಂದು ವರ್ಷ ಕೆಲಸ ಮಾಡುವಂತಿರಲಿಲ್ಲ. ಊರಿನ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದವಳು ಅಲ್ಲಿನ ಮನೆಯಲ್ಲಿ ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುತ್ತಿದ್ದಳು. ಕೆವಿನ್‌ನ ಅಮೆರಿಕನ್ ಮ್ಯಾನೇಜರನ ತಾಯಿ ಲೋಯಿಸ್ ತಮ್ಮ ವಂಶದ ಮೂಲ ಹುಡುಕುತ್ತಿದ್ದಾರೆಂದು ತಿಳಿದದ್ದೇ, ಹಸಿದವಳಂತೆ ಆ ಕೆಲಸಕ್ಕೆ ಬಿದ್ದಳು. ಮೂಲಪುರುಷ ಯಾಕೋಬ್ ಇನ್ನೂರೈವತ್ತು ವರ್ಷದ ಹಿಂದೆ ಪೆನ್ಸಿಲ್ವೇನಿಯಾಕ್ಕೆ ಹೋದ ನೇಕಾರ. ಅವನಿಗೆ ಜ್ಞಾನಸ್ನಾನವಾದದ್ದು, ಅವನ ತಂದೆಯನ್ನು ಹೂಳಿದ್ದು ಈ ಹಳ್ಳಿಯಲ್ಲೇ ಎಂದು ಚರ್ಚಿನ ದಾಖಲೆಗಳಿಂದ ಖಚಿತವಾದ ಹುರುಪಿನಲ್ಲಿ ಐರಿನ್ ಬರೆದುಬಿಟ್ಟಿದ್ದಳು: "ಬನ್ನಿ, ಆ ತಂದೆಯ ಸಮಾಧಿಯನ್ನು ನಾನೇ ತೋರಿಸುತ್ತೇನೆ." ಹೂಳಿದ ಮೇಲೆ ಸಮಾಧಿ ಎಲ್ಲಿಗೆ ಹೋದೀತು? ಪೆನ್ಸಿಲ್ವೇನಿಯಾದಲ್ಲಿರುವ ಯಾಕೋಬನ ಸಮಾಧಿಯ ಮಣ್ಣನ್ನು ಅವನ ತಂದೆಯದರ ಮೇಲೆ ಹಾಕಬೇಕೆಂದು ಡಬ್ಬಿಯಲ್ಲಿ ತುಂಬಿಕೊಂಡು ಲೋಯಿಸ್ ವಿಮಾನ ಹತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು.

ಸ್ಮಶಾನದಲ್ಲಿ ಎಲೆ ಗುಡಿಸುತ್ತಿದ್ದ ಮುದುಕ ಅವಳ ಪ್ರಶ್ನೆಗೆ ಪೊರಕೆ ನಿಲ್ಲಿಸಿದ. "ಇನ್ನೂರೈವತ್ತು ವರ್ಷವೇ? ಇಲ್ಲಿ ಜಾಗ ಕೊಡುವುದು ಇಪ್ಪತ್ತೈದು ವರ್ಷಕ್ಕೆ. ಮನೆಯವರು ಮತ್ತೆ ಹಣ ಕಟ್ಟಿ ಮುಂದುವರಿಸದಿದ್ದರೆ ಕಲ್ಲು ಕಿತ್ತು ಇನ್ನೊಬ್ಬರನ್ನು ಮಲಗಿಸುತ್ತೇವೆ. ನನ್ನ ಅಪ್ಪನ ಕಲ್ಲೇ ಈಗಿಲ್ಲ."

ಐರಿನ್ ಸಾಲುಗಳ ನಡುವೆ ಅತ್ತಿಂದಿತ್ತ ತಿರುಗುತ್ತಲೇ ಫೋನ್ ಮಾಡಿದಳು. "ಸತ್ತವರಿಗೂ ಬಾಡಿಗೆಯಂತೆ ಕೆವಿನ್! ಅವರಿಗೆ ಎಂತ ಹೇಳುವುದು ನಾನು?"

"ಬದುಕಿದವರಿಗೇ ಇಲ್ಲಿ ಮನೆ ಸಿಗುವುದಿಲ್ಲ, ಮತ್ತೆ ಸತ್ತವರಿಗಾ ಮಾರಾಯ್ತಿ!" ಎಂದ ಕೆವಿನ್ ದನಿ ತಗ್ಗಿಸಿದ. "ಅಕ್ಷರ ಅಳಿಸಿದ ಹಳೆ ಕಲ್ಲು ಒಂದಾದರೂ ಉಂಟಾ ನೋಡು. ಅದನ್ನೇ ತೋರಿಸಿಬಿಡು. ನನ್ನ ಮ್ಯಾನೇಜರನ ಅಮ್ಮ ಅವರು, ನೆನಪುಂಟಲ್ಲ?"

ಗೋಡೆಗೆ ಒರಗಿಸಿದ್ದ, ಅಕ್ಷರ ಅಳಿದ ಕಲ್ಲೊಂದಿತ್ತು. ಐರಿನ್ ಕುಳಿತು ಪಾಚಿ ತಿಕ್ಕಿದಳು, ಎದ್ದಳು, ಗೇಟಿನವರೆಗೆ ಹೋಗಿ ಬಂದಳು, ಮತ್ತೆ ತಿಕ್ಕಿದಳು.

ಬಸ್ಸು ಬಂತು. ಡಬ್ಬಿ ಎದೆಗವಚಿಕೊಂಡು ಬಂದ ಲೋಯಿಸ್ ಕೇಳಿದರು: "ಯಾವುದಮ್ಮಾ?"

ಐರಿನ್‌ನ ಒದ್ದೆ ಕೈ ಗೋಡೆಯತ್ತ ಅರ್ಧ ಎದ್ದು ಇಳಿಯಿತು. "ಇಲ್ಲ ಆಂಟಿ. ಸಮಾಧಿಯೇ ಇಲ್ಲ. ನಮ್ಮೂರಿನ ಹಾಗೇ ಇರುತ್ತದೆ ಅಂದುಕೊಂಡೆ." ಮುದುಕ ಹೇಳಿದ್ದನ್ನೆಲ್ಲ ತಿಳಿಸಿದಳು.

ಲೋಯಿಸ್ ಗೋಡೆಯ ಕಡೆ ನೋಡಿದರು. "ಹಾಗಾದರೆ ಆ ತೊಳೆದ ಕಲ್ಲು ಯಾರದು?"

"ಗೊತ್ತಿಲ್ಲ."

"ಪುಣ್ಯವಂತ. ಒಳ್ಳೇ ಸ್ನಾನ ಮಾಡಿಸಿದ್ದೀಯ." ಅವರು ನಗಲಿಲ್ಲ. "ಯಾಕೋಬ್ ಇಲ್ಲಿಂದ ಹೋದದ್ದು ಹೇಗೆ?"

"ಆಗೆಲ್ಲ ಹೋಗುತ್ತಿದ್ದುದು ದೋಣಿಯಲ್ಲಿ. ಈ ನದಿಯಲ್ಲೇ."

"ಮಗನ ಮಣ್ಣು ಆ ನೀರಿಗೇ ಸೇರಲಿ," ಎಂದು ಲೋಯಿಸ್ ಡಬ್ಬಿಯನ್ನು ಅವಳ ಕೈಗಿತ್ತರು. ನದಿಯ ಕಡೆಗೆ ಹೋಗುವ ಮುಂದಿನ ಬಸ್ಸನ್ನು ಇಬ್ಬರೂ ಹತ್ತಿದರು. ಡಬ್ಬಿ ಐರಿನ್‌ನ ಚೀಲದಲ್ಲಿತ್ತು.