ಅಕ್ಕನ ನಾಯಿ

ನಮ್ಮ ಮನೆಯ ನಾಯಿ ನಿಜವಾಗಿ ಅಕ್ಕನ ನಾಯಿ. ಕಣ್ಣು ಬಿಡುವ ಮೊದಲೇ ತಾಯಿ ಸತ್ತುಹೋಗಿದ್ದ ಕಂದು ಮರಿಯೊಂದನ್ನು ಅವಳು ಉಡಿಯಲ್ಲಿ ಹಾಕಿಕೊಂಡು ಬಂದಿದ್ದಳು. ಆಡಿನ ಹಾಲಿನಲ್ಲಿ ಬಟ್ಟೆಯ ಚೂರು ಅದ್ದಿ ಚೀಪಿಸಿ ಅದನ್ನು ಉಳಿಸಿಕೊಂಡಳು. ಆಗ ಅವಳಿಗೆ ಹದಿಮೂರು, ನನಗೆ ಆರು. ಕಾನಹೊಸಹಳ್ಳಿಯ ಅಂಚಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಇಪ್ಪತ್ತು ಕುರಿ, ಒಂದಿಷ್ಟು ಶೇಂಗಾ ಹೊಲ. ಅಕ್ಕ ಕುರಿ ಹೊಡೆದುಕೊಂಡು ಹೋದರೆ ನಾಯಿಯೂ ಹೋಗುತ್ತಿತ್ತು, ಅವಳು ಬಂದರೆ ಅದೂ ಬರುತ್ತಿತ್ತು. ನಾನು ಹಾಕಿದ ರೊಟ್ಟಿಯನ್ನು ತಿನ್ನುತ್ತಿತ್ತು, ಮರ್ಯಾದೆಗೆ ಒಮ್ಮೆ ಬಾಲ ಅಲ್ಲಾಡಿಸುತ್ತಿತ್ತು, ಆಮೇಲೆ ಎದ್ದು ಹೋಗಿ ಅವಳ ಕಾಲ ಬಳಿ ಮಲಗುತ್ತಿತ್ತು. ಅದು ನನಗೆ ಯಾವಾಗಲೂ ಹೊಟ್ಟೆಕಿಚ್ಚು.

ಅಕ್ಕನಿಗೆ ಹತ್ತೊಂಬತ್ತಾದಾಗ ಅವಳನ್ನು ಹಡಗಲಿ ಕಡೆಯ ಇಟ್ಟಿಗಿ ಎಂಬ ಊರಿಗೆ ಕೊಟ್ಟರು. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಮಧ್ಯಾಹ್ನ ನಾಯಿಯನ್ನು ಕುರಿಹಟ್ಟಿಯಲ್ಲಿ ಕಟ್ಟಿಹಾಕುವ ಕೆಲಸ ನನ್ನದಾಗಿತ್ತು. ಕಟ್ಟಿದೆ. ಅದು ಒಂದೇ ಸಮನೆ ಕೂಗುವುದನ್ನು ಕೇಳಲಾರದೆ ಕೊರಳಿನ ಹಗ್ಗವನ್ನು ಸ್ವಲ್ಪ ಸಡಿಲಿಸಿದೆ. ಬಸ್ಸು ಬಂತು, ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ನಾಯಿ ನಮ್ಮೆಲ್ಲರ ಕಾಲುಗಳ ನಡುವಿನಿಂದ ನುಗ್ಗಿ ರಸ್ತೆಗೆ ಬಿತ್ತು. ಎದುರಿನಿಂದ ಲಾರಿ ಬರುತ್ತಿತ್ತು.

ಅದು ಕಿರುಚಿದ್ದು ನೆನಪಿದೆ. ಆಮೇಲೆ ಕೂಗೇ ಇಲ್ಲದೆ, ಎರಡು ಮುಂಗಾಲುಗಳ ಮೇಲೆ ಮೈ ಎಳೆದುಕೊಳ್ಳುತ್ತ ಬಸ್ಸು ಹೋದ ದಿಕ್ಕಿಗೇ ಹೊರಟಿದ್ದು ಇನ್ನೂ ಚೆನ್ನಾಗಿ ನೆನಪಿದೆ.

ರಸ್ತೆ ಬದಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಸಾಬರೊಬ್ಬರ ಶೆಡ್ಡಿತ್ತು. ಮೊದಲು ಓಡಿ ಬಂದವರು ಅವರೇ. ಅಪ್ಪ ದಿಕ್ಕು ತೋಚದೆ ನಿಂತಿದ್ದ.

"ಸಾಬ್ರ, ನಮಾಜಿಗೆ ಹೋಗೋ ಹೊತ್ತು, ನೀವು ನಾಯಿ ಮುಟ್ಟಬ್ಯಾಡ್ರಿ," ಎಂದ.

"ಮೈ ತೊಳಕೊಂಡು ಹೋಗ್ತೀನಿ ಅಣ್ಣಾ. ನೀ ಮೊದ್ಲು ಗೋಣಿಚೀಲ ತಾ," ಎಂದು ಅವರು ನಾಯಿಯ ತಲೆ ಹಿಡಿದುಕೊಂಡರು.

ಅವರ ಶೆಡ್ಡಿನಲ್ಲಿ ನಿಂತಿದ್ದ ಲಾರಿಯಲ್ಲೇ ಕೂಡ್ಲಿಗಿಯ ದನದ ಆಸ್ಪತ್ರೆಗೆ ಹೋದೆವು. ನಾಯಿಯ ತಲೆ ನನ್ನ ತೊಡೆಯ ಮೇಲಿತ್ತು. ಡಾಕ್ಟರು ನೋಡಿ, "ಹಿಂಗಾಲಿನ ಎಲುಬು ಪುಡಿ ಆಗೇತ್ರಿ. ಕಾಲು ತೆಗೀಬೇಕು. ಇಲ್ಲಾಂದ್ರ ಒಂದು ಸೂಜಿ ಹಾಕಿ, ನೋವಿಲ್ಲದಂಗ ಕಳಿಸಿಬಿಡಬಹುದು. ನೀವ ಹೇಳ್ರಿ," ಎಂದರು.

ಅಪ್ಪ, "ನನ್ನ ಮಗಳು ಸಾಕಿದ್ದು ಸಾಹೇಬ್ರ. ಮೂರು ಕಾಲಾದ್ರೂ ಆಗ್ಲಿ, ಉಳಸ್ರಿ," ಎಂದ.

ಮನೆಗೆ ತಂದ ಮೇಲೆ ನಾಲ್ಕು ದಿನ ಅದು ಏನನ್ನೂ ತಿನ್ನಲಿಲ್ಲ. ಅವ್ವ ಅಕ್ಕನ ಹಳೆಯ ಸೀರೆಯೊಂದನ್ನು ಅದರ ಕೆಳಗೆ ಹಾಸಿದಳು. ಮೂತಿಯನ್ನು ಅದರ ಮಡಿಕೆಯೊಳಗೆ ತೂರಿಸಿ ಮಲಗಿತು. ಗಾಯ ತೊಳೆದು ಪುಡಿ ಹಾಕುವುದು, ಬೆರಳಿನಿಂದ ಗಂಜಿ ನೆಕ್ಕಿಸುವುದು ನನ್ನ ಪಾಲಿಗೆ ಬಂತು. ಹದಿನೈದು ದಿನಕ್ಕೆ ಎದ್ದು ನಿಂತು ಪಕ್ಕಕ್ಕೆ ಬಿತ್ತು. ಮತ್ತೆ ಎದ್ದಿತು. ತಿಂಗಳೊಪ್ಪತ್ತರಲ್ಲಿ ಅಂಗಳ ದಾಟಿ ಕುಪ್ಪಳಿಸಿಕೊಂಡು ಬಂದು ನನ್ನ ಹಾಸಿಗೆಯ ಪಕ್ಕದಲ್ಲಿ ಮಲಗಿತು. ಹೇಳಿದರೆ ಕೆಟ್ಟದೆನಿಸುತ್ತದೆ, ಆದರೂ ಹೇಳುತ್ತೇನೆ: ಆ ದಿನ ನನಗೆ ಬಹಳ ಸಂತೋಷವಾಯಿತು.

ಅಕ್ಕನ ಕಾಗದಗಳಲ್ಲಿ ತಪ್ಪದೆ ಒಂದು ಸಾಲು ಇರುತ್ತಿತ್ತು: ನಾಯಿ ಉಣ್ಣುತ್ತದೆಯೇ, ನನ್ನನ್ನು ಹುಡುಕುತ್ತದೆಯೇ? ಅವ್ವನಿಗೆ ಓದು ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ನಾನು ಬರೆಯಬೇಕು.

"ಚಲೋ ಐತಿ ಅಂತ ಬರಿ. ಹೊಸ ಮನಿ, ಅತ್ತಿ ಮಾವನ ಮುಂದ ನಾಯಿ ಸಲುವಾಗಿ ಅಳಕೋತ ಕುಂತ್ರ ಏನಂದಾರು?"

ಬರೆದೆ. ಅಷ್ಟಕ್ಕೇ ಬಿಡದೆ, ದಿನಾ ಕುರಿಗಳ ಹಿಂದೆ ಓಡುತ್ತದೆ ಎಂದು ನನ್ನದೊಂದು ಸಾಲನ್ನೂ ಸೇರಿಸಿದೆ. ಹಗ್ಗದ ವಿಷಯ ಯಾರಿಗೂ ಹೇಳಿರಲಿಲ್ಲವಲ್ಲ, ಆ ಸಾಲು ಬರೆದಾಗ ಏನೂ ಆಗಿಯೇ ಇಲ್ಲವೆಂಬ ಸಮಾಧಾನ ಸಿಗುತ್ತಿತ್ತು.

ಪಂಚಮಿ ಹಬ್ಬಕ್ಕೆ ಅಕ್ಕ ಬಂದಳು. ಬಸ್ಸಿನಿಂದ ಇಳಿದವಳೇ ನನ್ನ ಹಿಂದೆ ಮುಂದೆ ನೋಡಿದಳು.

"ಎಲ್ಲೈತಿ?"

"ಮನ್ಯಾಗೈತಿ."

"ನಾ ಬರೋದು ಗೊತ್ತಾಗಿಲ್ಲೇನು ಅದಕ್ಕ?" ಎಂದು ನಕ್ಕಳು. ಬಸ್ಸಿನ ಸದ್ದು ಕೇಳಿದರೆ ಸಾಕು, ಅದು ಕಾಳಿನ ಚೀಲಗಳ ಹಿಂದೆ ಅಡಗಿಕೊಳ್ಳುತ್ತದೆ ಎಂದು ನಾನು ಹೇಳಲಿಲ್ಲ.

ಅವಳ ದನಿಗೆ ಅದು ಬಾಗಿಲಿಗೆ ಬಂತು. ಕಿವಿ ನಿಮಿರಿಸಿತು. ಆತುರದಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದು, ಎದ್ದು, ಕುಪ್ಪಳಿಸಿಕೊಂಡು ಬಂದು ಅವಳ ಮಡಿಲಿಗೆ ತಲೆ ತೂರಿಸಿತು. ಅಕ್ಕ ಮಣ್ಣಿನಲ್ಲೇ ಕುಳಿತುಬಿಟ್ಟಿದ್ದಳು. ಅವಳ ಕೈ ಅದರ ಬೆನ್ನಿನ ಮೇಲಿಂದ ಇಳಿದು, ಕಾಲು ಇರಬೇಕಾದ ಜಾಗದಲ್ಲಿ ನಿಂತಿತು. ನಾನು ಎಲ್ಲವನ್ನೂ ಹೇಳಿದೆ, ಹಗ್ಗವನ್ನೂ.

"ಹಗ್ಗದ್ದು ಹೋಗ್ಲಿ ಬಿಡು," ಎಂದಳು. "ಕಾಗದದಾಗ ಯಾಕ ಸುಳ್ಳು ಬರದಿ? ಆ ಊರಾಗ ನನಗ ಯಾರದಾರ? ಕುರಿ ಹಿಂದ ಓಡ್ತೈತಿ ಅಂತ ನೀ ಬರದಿದ್ದನ್ನ ದಿನಾ ಕಣ್ಮುಂದ ತಂದುಕೊಂಡು ಕುಂದರತಿದ್ದೆ."

ಅವಳಿದ್ದ ಐದು ದಿನವೂ ನಾಯಿ ಅವಳ ಬಳಿಯೇ ಮಲಗಿತು. ಹೊರಡುವ ದಿನ "ಕರಕೊಂಡು ಹೋಗ್ಲೇನು?" ಎಂದು ಕೇಳಿ, ಉತ್ತರ ತನಗೇ ಗೊತ್ತಿದ್ದವಳಂತೆ ಮುಖ ತಿರುಗಿಸಿಕೊಂಡಳು. ನಾಯಿ ನಡುಗುತ್ತಲೇ ರಸ್ತೆಯವರೆಗೆ ಬಂತು. ಶೆಡ್ಡಿನ ಸಾಬರು ಅದನ್ನು ನೋಡಿ, ಪರೀಕ್ಷೆಗೆಂದು ಚಾಲೂ ಮಾಡಿದ್ದ ಇಂಜಿನ್ನನ್ನು ಆರಿಸಿದರು. ಬಸ್ಸು ಬಂದಾಗ ಅದು ಅಡಗಲಿಲ್ಲ. ಬಸ್ಸು ಹೊರಟಾಗ ನಾಲ್ಕು ಹೆಜ್ಜೆ ಕುಪ್ಪಳಿಸಿ ನಿಂತಿತು. ಧೂಳು ಇಳಿಯುವವರೆಗೂ ನಿಂತಿತ್ತು. ಆಮೇಲೆ ಬಂದು ನನ್ನ ಕಾಲಿಗೆ ಒರಗಿತು.

ಮುಂದೆ ನಾನು ಇದ್ದದ್ದನ್ನೇ ಬರೆದೆ. ಇವತ್ತು ಉಣ್ಣಲಿಲ್ಲ, ಹಲ್ಲು ಬಿದ್ದಿದೆ, ಕಣ್ಣು ಮಂಜಾಗಿದೆ. ಆರು ವರ್ಷ ಹಾಗೆ ನಡೆಯಿತು. ಒಂದು ಮುಂಜಾನೆ ಬೇವಿನ ಮರದ ಕೆಳಗೆ ಮಲಗಿದ್ದ ನಾಯಿ ಏಳಲಿಲ್ಲ. ಕಾಗದ ತೆಗೆದುಕೊಂಡು ಕುಳಿತೆ, ಬರೆಯಲಾಗಲಿಲ್ಲ. ಮರುದಿನ ಅಪ್ಪನಿಗೆ ಹೇಳಿ, ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಮೊದಲ ಸಲ ಒಬ್ಬಳೇ ಇಟ್ಟಿಗಿಗೆ ಹೋದೆ.

ಅಕ್ಕ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ನನ್ನನ್ನು ಕಂಡವಳೇ ಕೆಳಗಿಳಿದು ಬಂದಳು. ಏನೆಂದು ಕೇಳಲಿಲ್ಲ. ನೀರು ಕೊಟ್ಟು ಪಕ್ಕದಲ್ಲಿ ಕುಳಿತು, "ಯಾವ ಮಗ್ಗಲಾ ಮಲಗಿತ್ತು?" ಎಂದಳು.

"ಎಡ ಮಗ್ಗಲಾ. ಮೂತಿ ರಸ್ತೆ ಕಡೆ ಇತ್ತು."

ಹೊತ್ತು ಮುಳುಗುವವರೆಗೂ ಅದರ ಮಾತೇ ಆಡಿದೆವು. ಅವಳ ಮಗಳು ಬಂದು ತೊಡೆಯ ಮೇಲೆ ಕೂತಳು, ಅತ್ತೆ ಎರಡು ಸಲ ಕೂಗಿದರು, ಅಕ್ಕ ಏಳಲಿಲ್ಲ. ಈಗ ನಾನು ಹರಪನಹಳ್ಳಿಯಲ್ಲಿದ್ದೇನೆ, ಅವಳು ಅಲ್ಲೇ ಇದ್ದಾಳೆ. ದೂರವೇನಿಲ್ಲ. ಹಬ್ಬಕ್ಕೆ, ಹೆಣ್ಣು ನೋಡಲು, ಸಾವಿಗೆ ಸೇರುತ್ತೇವೆ, ಹೊರಡುತ್ತೇವೆ. ಹಾಗೆ ಇಬ್ಬರೇ, ಒಂದು ಇಡೀ ಸಂಜೆ, ಮತ್ತೊಮ್ಮೆ ಕುಳಿತಿಲ್ಲ.