ಬಣ್ಣದ ಕೆಳಗಿನ ಗೆರೆ

ನನ್ನ ದೊಡ್ಡಪ್ಪ ಮೀನಿನ ಮಾದರಿ ಮಾಡುತ್ತಿದ್ದರು. ಗಾಳ ಹಾಕುವವರ ಸಂಘದಲ್ಲಿ ಯಾರಾದರೂ ಒಳ್ಳೆಯ ಮೀನು ಹಿಡಿದರೆ, ಅದರ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಎರಕ ಹೊಯ್ದು, ಬಣ್ಣ ಬಳಿದು ಗೋಡೆಗೇರಿಸುವುದು ಅವರ ಕೆಲಸ. ಮೀನು ಯಾವ ಜಾತಿಯದು ಎಂಬ ತೀರ್ಪೂ ಅವರದೇ.

ಅಪ್ಪ ಅವರ ತಮ್ಮ, ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ನಾವು ಕೆಳಗಿನ ಮನೆ, ದೊಡ್ಡಪ್ಪ ಮೇಲಿನ ಮನೆ.

ಒಂದು ಭಾನುವಾರ ಅಪ್ಪ ನಾಲ್ಕೂಕಾಲು ಕಿಲೋದ ಅಂಜಲ್ ಮೀನು ಹಿಡಿದರು. ನಮ್ಮ ಕಡಲಿಗೆ ಎರಡು ಜಾತಿಯ ಅಂಜಲ್ ಬರುತ್ತದೆ. ಚುಕ್ಕೆಯದು ಸಣ್ಣದು, ನಾಲ್ಕು ಕಿಲೋ ದಾಟುವುದೇ ಅಪರೂಪ. ಪಟ್ಟೆಯದು ಆಳೆತ್ತರ ಬೆಳೆಯುತ್ತದೆ, ನಾಲ್ಕು ಕಿಲೋ ಎಂದರೆ ಅದಕ್ಕೆ ಇನ್ನೂ ಎಳೆ ಪ್ರಾಯ. ಅಪ್ಪನದು ಚುಕ್ಕೆಯದಾದರೆ ಸಂಘದ ದಾಖಲೆ, ಪಟ್ಟೆಯದಾದರೆ ಬರೀ ಮರಿ.

ದೊಡ್ಡಪ್ಪ ಮೀನಿನ ಮೈ ನೋಡಿದರು. ಗುರುತುಗಳು ಕಲೆಸಿಕೊಂಡು ಉದ್ದುದ್ದವಾಗಿದ್ದವು.

"ಪಟ್ಟೆ ಒಡೆದು ಹೀಗಾಗಿದೆ. ಇದು ಮರಿ ಕಣೋ."

"ಸರಿಯಾಗಿ ನೋಡಣ್ಣ."

"ತಮ್ಮ ಅಂತ ನಾನೇ ಚುಕ್ಕೆ ಇಡೋಕಾಗತ್ತಾ?"

ಸಂಘದಲ್ಲಿ ಸೇರಿದ್ದವರೆಲ್ಲ ನಕ್ಕರು. ಅಂದಿನಿಂದ ಅಪ್ಪನ ಹೆಸರೇ 'ಮರಿ' ಆಯಿತು. ಕ್ರೇನ್ ಹತ್ತಿದರೂ ಬಂದರಿನವರು ಬಿಡುತ್ತಿರಲಿಲ್ಲ. "ಏ ಮರೀ, ಹುಷಾರು, ಅಮ್ಮನ್ನ ಕರೀಲಾ?" ಎಂದು ಕೆಳಗಿನಿಂದ ಕೂಗುತ್ತಿದ್ದರು.

ಅಚ್ಚು ತೆಗೆದ ಮೇಲೆ ಮೀನು ನಮ್ಮ ಮನೆಗೆ ಬಂತು. ತೊಳೆಯುವಾಗ ಅಪ್ಪ ನನ್ನ ಬೆರಳು ಹಿಡಿದು, ಅದರ ಮೈಯ ಪಕ್ಕದಲ್ಲಿ ಸಣ್ಣಗೆ ಉಬ್ಬಿದ್ದ ಗೆರೆಯ ಮೇಲೆ ಕಿವಿರಿನಿಂದ ಬಾಲದವರೆಗೆ ಎಳೆದರು.

"ಪಟ್ಟೆಯದಕ್ಕೆ ಎರಡನೇ ಬೆನ್ನುರೆಕ್ಕೆ ಮುಗಿಯೋ ಹತ್ರ ಈ ಗೆರೆ ದಬಕ್ಕನೆ ಕೆಳಗೆ ಬೀಳತ್ತೆ. ಇಲ್ಲಿ ಬಿತ್ತಾ?"

ಬಿದ್ದಿರಲಿಲ್ಲ. ನಿಧಾನವಾಗಿ ಇಳಿದಿತ್ತು.

"ದೊಡ್ಡಪ್ಪಂಗೆ ಹೇಳೋಣ ಬಾ ಅಪ್ಪಾ."

"ಬೇಡಮ್ಮ. ನಂದು ಒಂದು ಮೀನು ಹೋದ್ರೆ ಹೋಯ್ತು. ಅವನಿಗೆ ಊರಲ್ಲಿರೋ ಮರ್ಯಾದೆ ಅದೊಂದೇ."

ದೊಡ್ಡಪ್ಪ ಆ ಎರಕಕ್ಕೆ ದಪ್ಪಗೆ ಪಟ್ಟೆ ಬಳಿದು, ಚುಕ್ಕೆ ಅಂಜಲಿನ ಮಾದರಿಯ ಪಕ್ಕದಲ್ಲೇ ತೂಗುಹಾಕಿದರು. ಹೊಸಬರು ವ್ಯತ್ಯಾಸ ಕಲಿಯಲಿ ಎಂದು. ಅಪ್ಪ ಮತ್ತೆ ಗಾಳ ಮುಟ್ಟಲಿಲ್ಲ. ಹತ್ತೊಂಬತ್ತು ವರ್ಷದ ನಂತರ ಹೃದಯಾಘಾತದಿಂದ ತೀರಿಕೊಂಡರು. ಸಂಘದವರು ಕಳಿಸಿದ ಹೂವಿನ ಚೀಟಿಯಲ್ಲೂ 'ನಮ್ಮ ಮರಿಗೆ' ಎಂದೇ ಇತ್ತು.

ಮರುವರ್ಷ ಸಂಘದ ಸೂರು ಸೋರಿ ಮಾದರಿಗಳ ಬಣ್ಣ ಎದ್ದಿತು. ದೊಡ್ಡಪ್ಪ ಅವನ್ನು ಮನೆಗೆ ತಂದು ಹಳೆಯ ಪದರ ಕೆರೆಯುತ್ತಿದ್ದರು. ನಾನು ಟೀ ಒಯ್ದಾಗ ಅವರ ಕೈ ನಿಂತುಹೋಗಿತ್ತು. ಅಪ್ಪನ ಮೀನಿನ ಬೋಳು ಪ್ಲಾಸ್ಟರಿನ ಮೇಲೆ ಸಣ್ಣ ಉಬ್ಬಿನಂತಿದ್ದ ಆ ಗೆರೆ, ಎಲ್ಲೂ ಮುರಿಯದೆ ಬಾಲದವರೆಗೆ ಇಳಿದಿತ್ತು.

"ಬಣ್ಣ ಬಳಿಯೋನು ಬರೀ ಬಣ್ಣ ನೋಡ್ದೆ," ಎಂದರು.

ಅಂದೇ ಸಂಘಕ್ಕೆ ತಮ್ಮ ತಪ್ಪನ್ನು ಬರೆದು ತಿಳಿಸಿ, ತೀರ್ಪುಗಾರನ ಕೆಲಸ ಬಿಟ್ಟರು. ಸಂಘದ ದಾಖಲೆಗಳ ಹಲಗೆಯ ಮೇಲೆ ಅಪ್ಪನ ನಿಜವಾದ ಹೆಸರು ಬಂತು, ಎರಡನೆಯ ಸಾಲಿನಲ್ಲಿ. ದಾಖಲೆಯನ್ನು ಬೇರೊಬ್ಬರು ಎಂದೋ ಮೀರಿದ್ದರು.

ಒಂದು ಸಂಜೆ ಆ ಎರಕಕ್ಕೆ ಹೊಸದಾಗಿ ಚುಕ್ಕೆ ಇಡುತ್ತಿದ್ದ ದೊಡ್ಡಪ್ಪ ತಲೆ ಎತ್ತದೆ ಕೇಳಿದರು, "ಅವನಿಗೆ ಗೊತ್ತಿತ್ತೇನಮ್ಮ?"

ನಾನು ಆಗಲೇ ತಂದಿಟ್ಟಿದ್ದ ಟೀ ಲೋಟ ಎತ್ತಿಕೊಂಡೆ. ಅವರು ಅದನ್ನು ಮುಟ್ಟಿಯೇ ಇರಲಿಲ್ಲ.

"ಇಲ್ಲ ದೊಡ್ಡಪ್ಪ."

ಅವರು ಕುಂಚ ಅದ್ದಿದರು. ಒಂದು ಚುಕ್ಕೆ ಜಾರಿ, ಅಂದು ಆ ಮೀನಿನ ಮೈಮೇಲಿದ್ದಂತೆಯೇ ಉದ್ದವಾಯಿತು. ಅದನ್ನು ಒರೆಸಲಿಲ್ಲ.